ಹೆಸರು ಅದೇ, ದಫ್ತರ ಬೇರೆ

ಜಹೀರಾಬಾದಿನ ಹೆದ್ದಾರಿಯ ಬದಿಯಲ್ಲಿ ಅರ್ಧ ಗಂಟೆ ನಿಂತು ವಾಹನಗಳ ಸಂಖ್ಯಾಫಲಕಗಳನ್ನು ಓದುತ್ತ ಹೋದರೆ ಈ ಸೀಮೆಯ ಆಡಳಿತ ಚರಿತ್ರೆಯ ಒಂದು ಭಾಗವೇ ಎದುರಿಗೆ ಹಾದುಹೋದಂತಾಗುತ್ತದೆ. ಬೀದರಿನ ಕೆಎ 38, ಕಲಬುರಗಿಯ ಕೆಎ 32, ಅವಿಭಜಿತ ಮೇದಕ್ ಜಿಲ್ಲೆಯ ಕಾಲದ ಎಪಿ 23, ರಾಜ್ಯ ಬೇರೆಯಾದ ಮೇಲಿನ ಟಿಎಸ್ 15, 2024ರ ಈಚೆಗೆ ನೋಂದಣಿಯಾದ ಟಿಜಿ 15. ರಸ್ತೆಯ ಕಥೆಯೂ ಇದೇ. ಪುಣೆಯಿಂದ ಹೈದರಾಬಾದಿಗೆ ಸಾಗುವ ಈ ದಾರಿ ನಾವು ಚಿಕ್ಕವರಿದ್ದಾಗ ರಾಷ್ಟ್ರೀಯ ಹೆದ್ದಾರಿ 9 ಆಗಿತ್ತು. ಈಗ ಅದರ ಸಂಖ್ಯೆ 65. ಲಾರಿ ಚಾಲಕರಲ್ಲಿ ಹಳಬರು ಇನ್ನೂ ‘ನೈನ್ ನಂಬರ್ ರೋಡ್’ ಎಂದೇ ಅನ್ನುತ್ತಾರೆ.

ಗಡಿನಾಡಿನ ಚರಿತ್ರೆಯ ಬಗ್ಗೆ ಈ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಗಣಕಯಂತ್ರಗಳ ಜಾಲವನ್ನು ನೋಡಿಕೊಳ್ಳುವುದು, ಅದರಲ್ಲಿಯೂ ಮುಖ್ಯವಾಗಿ ಜಾಲನಾಮಗಳ ದಾಖಲೆಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ವರ್ಗಾಯಿಸಿ ಕಾಯುವುದು ನನ್ನ ವೃತ್ತಿ. ಆದರೆ ಆ ಕೆಲಸವನ್ನು ಮಾಡುತ್ತ ಮಾಡುತ್ತ ಜಹೀರಾಬಾದ್, ನಾರಾಯಣಖೇಡ, ತಾಂಡೂರು ತಾಲ್ಲೂಕುಗಳಿಗೆ 1956ರಲ್ಲಿ ಏನಾಯಿತೆಂಬುದು ನನಗೆ ಹೊಸ ರೀತಿಯಲ್ಲಿ ತಿಳಿಯಿತು. ಆ ತಿಳಿವಳಿಕೆಯನ್ನು ಓದುಗರ ಮುಂದಿಡುತ್ತೇನೆ.

ಮೊದಲು ನಮ್ಮ ನೆಲದ ದಫ್ತರದ ವಿಷಯ. ಹೈದರಾಬಾದ್ ಸಂಸ್ಥಾನದಲ್ಲಿ ಜಿಲ್ಲೆ, ತಾಲ್ಲೂಕು ಎಂಬ ಶ್ರೇಣಿಯನ್ನು ವ್ಯವಸ್ಥಿತವಾಗಿ ತಂದದ್ದು ಮೊದಲನೆಯ ಸಾಲಾರ್ ಜಂಗ್, 1860ರ ದಶಕದ ಜಿಲ್ಲಾಬಂದಿಯ ಮೂಲಕ. ಊರಿನ ಲೆಕ್ಕ ಪಟವಾರಿಯ ಬಳಿ, ಊರುಗಳ ಲೆಕ್ಕ ತಾಲ್ಲೂಕಿನಲ್ಲಿ, ತಾಲ್ಲೂಕುಗಳದು ಜಿಲ್ಲೆಯಲ್ಲಿ, ಎಲ್ಲಕ್ಕೂ ಮೇಲೆ ಹೈದರಾಬಾದು. ಯಾವ ಹೊಲ ಯಾರದೆಂದು ಹೈದರಾಬಾದಿನ ಅಧಿಕಾರಿಗೆ ತಿಳಿದಿರಬೇಕಾಗಿರಲಿಲ್ಲ. ಅದನ್ನು ಯಾರಲ್ಲಿ ಕೇಳಬೇಕೆಂಬುದು ತಿಳಿದಿದ್ದರೆ ಸಾಕಾಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಮುಂದೆ ಇದು ಬೇಕಾಗುತ್ತದೆ.

ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ, 1358 ಫಸಲಿಯ ಹಕ್ಕುದಾಖಲೆ ನಿಯಮಾವಳಿಗೆ ಅನುಸಾರವಾಗಿ ಊರೂರಿಗೆ ಹೊಸ ಪಹಣಿ ತಯಾರಾಯಿತು. ಅದೇ 1954–55ರ ಖಾಸ್ರಾ ಪಹಣಿ. ತೆಲಂಗಾಣದ ಭೂವ್ಯಾಜ್ಯಗಳಲ್ಲಿ ವಕೀಲರು ಇಂದಿಗೂ ಮೊದಲು ಹುಡುಕುವುದು ಇದನ್ನೇ. ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಇದರಲ್ಲೊಂದು ವಿಶೇಷವಿದೆ. ಆ ಪಹಣಿ ಸಿದ್ಧವಾದಾಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಮೂಲ ದಾಖಲೆಯೇ ಒಂದು ಮನೆಯಲ್ಲಿ ಹುಟ್ಟಿ, ಒಂದೆರಡು ವರ್ಷಗಳೊಳಗೆ ಇನ್ನೊಂದು ಮನೆಗೆ ದತ್ತು ಹೋಯಿತು.

ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಇಡೀ ಬೀದರ್ ಜಿಲ್ಲೆಯನ್ನೇ ತೆಲುಗು ಜಿಲ್ಲೆಗಳೊಡನೆ ಹೈದರಾಬಾದ್ ರಾಜ್ಯದಲ್ಲಿ ಉಳಿಸಬೇಕೆಂಬ ಶಿಫಾರಸು ಇತ್ತು ಎಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. ಕಾಯ್ದೆಯಾಗುವಾಗ ಚಿತ್ರ ಬದಲಾಯಿತು. ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹ್ಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳೂ ಹಾಗೆಯೇ ಹೋದವು. ಉಳಿದದ್ದು ಮೈಸೂರಿಗೆ. ನಿರ್ಣಾ ಬೀದರ್ ಜಿಲ್ಲೆಯಲ್ಲೇ ಉಳಿದು ಜಹೀರಾಬಾದ್ ಹೊರಗೆ ಹೋದದ್ದನ್ನು ನೋಡಿದರೆ ಗೆರೆ ಎಷ್ಟು ಸಣ್ಣ ಕತ್ತರಿಯಿಂದ ಕತ್ತರಿಸಿದ್ದೆಂಬುದು ತಿಳಿಯುತ್ತದೆ.

1956ರ ನವೆಂಬರ್ 1ರಂದು ಊರಿನ ಬಾವಿ, ಗುಡಿ, ದರ್ಗಾ, ಸಂತೆ ಯಾವುದೂ ಅಲುಗಲಿಲ್ಲ. ಊರ ಹೆಸರೂ ಹಾಗೆಯೇ ಉಳಿಯಿತು. ಆ ಹೆಸರಿಗೆ ಉತ್ತರ ಹೇಳುವ ಅಧಿಕಾರ ಮಾತ್ರ ಬೀದರಿನಿಂದ ಮೇದಕ್ ಜಿಲ್ಲೆಗೆ, ಗುಲಬರ್ಗಾದಿಂದ ಹೈದರಾಬಾದ್ ಜಿಲ್ಲೆಗೆ ಹೋಯಿತು. ತಾಂಡೂರು 1978ರಲ್ಲಿ ರಂಗಾರೆಡ್ಡಿ ಜಿಲ್ಲೆಗೆ, 2016ರಲ್ಲಿ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಜಹೀರಾಬಾದ್ ಮತ್ತು ನಾರಾಯಣಖೇಡ 2016ರ ಅಕ್ಟೋಬರ್ 11ರಿಂದ ಸಂಗಾರೆಡ್ಡಿ ಜಿಲ್ಲೆಯವಾದವು. ಒಡೆದ ದಫ್ತರಗಳು ಬೇರೆ ಬೇರೆ ದಾರಿ ಹಿಡಿದದ್ದೂ ಸಹಜ. ಮೈಸೂರು ರಾಜ್ಯ 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡಿತು. ಆಂಧ್ರದಲ್ಲಿ ಪಟೇಲ-ಪಟವಾರಿ ಪದ್ಧತಿ 1980ರ ದಶಕದ ನಡುವಿನವರೆಗೆ ನಡೆಯಿತು. ಹಾಗಾಗಿ ಬೀದರಿನ ಕಡೆಯ ರೈತ ಶಾನುಭೋಗರನ್ನು ಮರೆತು ಎರಡು ದಶಕಗಳಾದ ಮೇಲೂ ಕೂಗಳತೆಯ ಆಚೆಯ ರೈತ ಪಟವಾರಿಯ ಜಗಲಿಯಲ್ಲಿ ಕಾದು ಕೂತಿದ್ದ. ಉರ್ದುವಿನ ಜಾಗಕ್ಕೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು ಬಂತು. ನಮ್ಮ ಅಜ್ಜನಿಗೆ ಮಾತ್ರ ಇದಾವುದೂ ಲೆಕ್ಕಕ್ಕಿರಲಿಲ್ಲ. ಯಾರಾದರೂ ಯಾವ ಜಿಲ್ಲೆ ಎಂದು ಕೇಳಿದರೆ ತೀರಿಕೊಳ್ಳುವವರೆಗೂ ‘ಬೀದರ್ ಜಿಲ್ಲಾ’ ಎಂದೇ ಹೇಳುತ್ತಿದ್ದರು.

ಇನ್ನು ಗಣಕಜಾಲದ ದಫ್ತರಕ್ಕೆ ಬರೋಣ. ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಆರ್ಪಾನೆಟ್ ಎಂಬ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಇತ್ತು. ಸಂಖ್ಯೆಯನ್ನು ನೆನಪಿಡುವುದು ಕಷ್ಟವೆಂದು ಹೆಸರನ್ನೂ ಕೊಟ್ಟರು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ‘ಹೋಸ್ಟ್ಸ್’ ಎಂಬ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಮತ್ತು ಅವರ ಬಳಗ ಆ ಕಡತವನ್ನು ಕಾಯುತ್ತಿದ್ದರು. ಹೊಸ ಯಂತ್ರಕ್ಕೆ ಹೆಸರು ಬೇಕಾದರೆ ಕಚೇರಿಯ ವೇಳೆಯಲ್ಲಿ ಅವರಿಗೆ ತಿಳಿಸಬೇಕಾಗಿತ್ತು. ಎಲ್ಲ ಊರಿಗೂ ಒಬ್ಬರೇ ಪಟವಾರಿ ಎಂದರೆ ತಪ್ಪಾಗದು. ಯಂತ್ರಗಳು ನೂರಾರು ಆದಾಗ ಈ ಏರ್ಪಾಡು ಕುಸಿಯತೊಡಗಿತು.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೊಸ್ಟೆಲ್ ಇದಕ್ಕೊಂದು ಪರಿಹಾರ ಹುಡುಕುವ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ವಹಿಸಿದರು. 1983ರ ನವೆಂಬರಿನಲ್ಲಿ ಮೊಕಪೆಟ್ರಿಸ್ ಪ್ರಕಟಿಸಿದ ಎರಡು ಟಿಪ್ಪಣಿಗಳೇ ಇಂದಿನ ಡಿಎನ್‌ಎಸ್ ಎಂಬ ಜಾಲನಾಮ ವ್ಯವಸ್ಥೆಗೆ ತಳಹದಿ. ಅವರು ಮಾಡಿದ್ದು ಜಿಲ್ಲಾಬಂದಿಯನ್ನೇ. ಎಲ್ಲ ಹೆಸರುಗಳನ್ನೂ ಒಂದು ಕಡೆ ಇಡುವುದನ್ನು ಬಿಟ್ಟು, ಮೇಲಿನವರು ಕೆಳಗಿನವರ ವಿಳಾಸವನ್ನು ಮಾತ್ರ ಬಲ್ಲವರಾಗಿರುವ ಶ್ರೇಣಿಯೊಂದನ್ನು ಕಟ್ಟಿದರು. ತುದಿಯಲ್ಲಿ ಎ ಇಂದ ಎಂ ವರೆಗಿನ 13 ಹೆಸರುಗಳ ಮೂಲ ಸರ್ವರುಗಳು. ಅವುಗಳ ಕೆಳಗೆ ಕಾಮ್, ಆರ್ಗ್, ಪ್ರತಿ ದೇಶಕ್ಕೆ ಎರಡಕ್ಷರದ ಒಂದು ಹೆಸರು. ಭಾರತದ ‘ಇನ್’ ನೋಂದಣಿಯಾದದ್ದು 1989ರ ಮೇ 8ರಂದು. 2005ರಿಂದ ಅದರ ಹೊಣೆ ನಿಕ್ಸಿ ಎಂಬ ಸಂಸ್ಥೆಯದು. ಅದಕ್ಕೆ ಮೊದಲು ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ಇಡೀ ದೇಶದಲ್ಲಿ ‘ಇನ್’ ಕೆಳಗೆ ಏಳು ಸಾವಿರದಷ್ಟು ಹೆಸರುಗಳು ಮಾತ್ರ ಇದ್ದವು. ‘ಗೌ ಡಾಟ್ ಇನ್’ ಎಂಬ ಸರ್ಕಾರಿ ಹೆಸರುಗಳನ್ನು ಎನ್‌ಐಸಿ, ವಿಶ್ವವಿದ್ಯಾಲಯಗಳ ಹೆಸರುಗಳನ್ನು ಅರ್ನೆಟ್ ನೋಡಿಕೊಳ್ಳುತ್ತವೆ.

ಈಗ ನಮ್ಮ ಸಂಗಾರೆಡ್ಡಿ ಜಿಲ್ಲೆಯ ಜಾಲತಾಣವನ್ನು ತೆರೆಯುವಾಗ ನಡೆಯುವುದನ್ನು ನೋಡಿ. ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು: ಇನ್, ಗೌ, ತೆಲಂಗಾಣ, ಸಂಗಾರೆಡ್ಡಿ. ಮೂಲ ಸರ್ವರು ‘ಇನ್’ ಎಲ್ಲಿದೆ ಎಂದು ಹೇಳಿ ಸುಮ್ಮನಾಗುತ್ತದೆ. ‘ಇನ್’ ತನ್ನ ಕೆಳಗಿನ ‘ಗೌ’ ಕಡೆಗೆ ಕೈ ತೋರುತ್ತದೆ. ಹೀಗೆ ಇಳಿಯುತ್ತ ಕೊನೆಗೆ ಅಧಿಕೃತ ಉತ್ತರ ಕೊಡುವ ಸರ್ವರು ಸಿಗುತ್ತದೆ. ಆ ಸರ್ವರಿನಲ್ಲಿರುವ ಕಡತದ ಮೊದಲ ನಮೂದಿನ ಹೆಸರೇ ‘ಅಧಿಕಾರದ ಆರಂಭ’. ಅದರಲ್ಲಿ ಈ ಹೆಸರಿಗೆ ಹೊಣೆ ಯಾರು, ಕಡತವನ್ನು ಎಷ್ಟನೆಯ ಸಲ ತಿದ್ದಿದ್ದು ಎಂಬ ಕ್ರಮಸಂಖ್ಯೆ ಎರಡೂ ಇರುತ್ತವೆ. ಆ ನಂತರ ಜಾಲತಾಣದ ಯಂತ್ರ ಯಾವುದು, ಅಂಚೆ ಯಾವ ಯಂತ್ರಕ್ಕೆ ಹೋಗಬೇಕು, ಯಾವ ಹೆಸರು ಯಾವುದರ ಅಡ್ಡಹೆಸರು ಎಂಬ ನಮೂದುಗಳು. ಒಂದು ಕುತೂಹಲದ ಸಂಗತಿ: ಗಡಿಯಾಚೆಯ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ತಾಣಗಳು ಕರ್ನಾಟಕದ ಹೆಸರಿನ ಕೆಳಗಿಲ್ಲ, ನೇರವಾಗಿ ‘ನಿಕ್ ಡಾಟ್ ಇನ್’ ಕೆಳಗಿವೆ. ನೆಲದ ಮೇಲೆ ಬೀದರ್ ಕರ್ನಾಟಕದ ಕಿರೀಟ ಎನ್ನುತ್ತೇವೆ. ಜಾಲದ ದಫ್ತರದಲ್ಲಿ ಅದು ದೆಹಲಿಯ ಒಕ್ಕಲು.

ಈ ವ್ಯವಸ್ಥೆಯಲ್ಲಿ ವರ್ಗಾವಣೆ ಎಂಬುದು ನಿತ್ಯದ ಕೆಲಸ. ಅದರ ತೊಡಕಿರುವುದು ನೆನಪಿನಲ್ಲಿ. ಒಮ್ಮೆ ಕೇಳಿ ತಿಳಿದ ಉತ್ತರವನ್ನು ದಾರಿಯಲ್ಲಿರುವ ಸರ್ವರುಗಳು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ, ಪ್ರತಿ ಸಲವೂ ತುದಿಯಿಂದ ಕೇಳುತ್ತ ಬರುವ ಶ್ರಮ ತಪ್ಪಲೆಂದು. ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂಬ ಅವಧಿಯನ್ನು ಉತ್ತರದ ಜೊತೆಗೇ ಸೆಕೆಂಡುಗಳಲ್ಲಿ ಬರೆದು ಕಳುಹಿಸಲಾಗುತ್ತದೆ. 86,400 ಎಂದರೆ ಒಂದು ದಿನ. ಅಷ್ಟು ಕಾಲ ಹಳೆಯ ಉತ್ತರವೇ ಸತ್ಯ. ಅದಕ್ಕಾಗಿ ಅನುಭವಿಗಳು ವರ್ಗಾವಣೆಗೆ ಎರಡು ಮೂರು ದಿನ ಮೊದಲೇ ಆ ಅವಧಿಯನ್ನು 300 ಸೆಕೆಂಡಿಗೆ ಇಳಿಸುತ್ತಾರೆ. ಎಲ್ಲ ನಮೂದುಗಳನ್ನೂ ಹೊಸ ಸರ್ವರಿಗೆ ನಕಲು ಮಾಡಿ ಒಂದೊಂದಾಗಿ ತಾಳೆ ನೋಡುತ್ತಾರೆ. ಆ ಮೇಲೆ ಮೇಲಿನ ದಫ್ತರದಲ್ಲಿ ಹೊಸ ಸರ್ವರಿನ ಹೆಸರು ಬರೆಸುತ್ತಾರೆ. ಮುಖ್ಯವಾಗಿ, ಹಳೆಯ ಸರ್ವರನ್ನು ಆ ದಿನವೇ ಮುಚ್ಚುವುದಿಲ್ಲ. ಹಳೆಯ ವಿಳಾಸ ಹಿಡಿದು ಬಂದವರಿಗೆ ಕೆಲ ದಿನ ಅದೂ ಉತ್ತರ ಕೊಡುತ್ತಿರಬೇಕು.

ಈ ಕೊನೆಯ ಎಚ್ಚರವನ್ನು ನಾನು ಪೆಟ್ಟು ತಿಂದು ಕಲಿತೆ. ಹಲವು ವರ್ಷಗಳ ಹಿಂದೆ ಕನ್ನಡಿಗರ ಒಂದು ಬಳಗದ ಜಾಲತಾಣವನ್ನು ಒಂದು ಸೇವಾಸಂಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ತಾಣದ ನಮೂದನ್ನು ನಕಲು ಮಾಡಿದೆ, ಅಂಚೆಯ ನಮೂದನ್ನು ಮರೆತೆ. ತಾಣ ಚೆನ್ನಾಗಿ ತೆರೆಯುತ್ತಿತ್ತು, ಎಲ್ಲರೂ ಮೆಚ್ಚಿದರು. ಐದು ದಿನಗಳಾದ ಮೇಲೆ, ಕವಿಗೋಷ್ಠಿಗೆ ಕವನ ಕಳುಹಿಸಿದ್ದವರು ದೂರವಾಣಿಯಲ್ಲಿ ಜಗಳಕ್ಕೆ ಬಂದಾಗ ತಪ್ಪು ತಿಳಿಯಿತು. ಹಳೆಯ ಸರ್ವರನ್ನು ಆ ವೇಳೆಗೆ ಅಳಿಸಿದ್ದರು. ಆ ಐದು ದಿನದ ಪತ್ರಗಳಲ್ಲಿ ಕೆಲವು ಕಳುಹಿಸಿದವರಿಗೇ ಮರಳಿದವು, ಕೆಲವು ಎಲ್ಲಿ ಹೋದವೋ ತಿಳಿಯಲಿಲ್ಲ.

2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಇದೇ ಪ್ರಶ್ನೆ ರಾಜ್ಯದ ಮಟ್ಟದಲ್ಲಿ ಎದ್ದಿತು. ‘ಎಪಿ ಡಾಟ್ ಗೌ ಡಾಟ್ ಇನ್’ ಎಂಬ ಹೆಸರು ಆಂಧ್ರದ ಬಳಿಯೇ ಉಳಿಯಿತು. ತೆಲಂಗಾಣಕ್ಕೆ ಹೊಸ ಹೆಸರಿನ ಕೆಳಗೆ ಹೊಸ ಕವಲುಗಳು ಬಂದವು. 2016ರಲ್ಲಿ ಜಿಲ್ಲೆಗಳು ಒಡೆದಾಗ ಮತ್ತೆ ಹೊಸ ಕವಲುಗಳು. ಭೂದಾಖಲೆಗಳ ವಿಷಯದಲ್ಲಿ ಹೆಸರು ಇನ್ನೂ ಬೇಗ ಬೇಗ ಬದಲಾಯಿತು. 2020ರ ಅಕ್ಟೋಬರಿನಲ್ಲಿ ‘ಧರಣಿ’ ಬಂತು, 2025ರ ಏಪ್ರಿಲ್‌ನಿಂದ ಅದರ ಜಾಗದಲ್ಲಿ ‘ಭೂಭಾರತಿ’. ಗಡಿಯ ಇತ್ತ ಒಂದು ಹೊಲ ಅತ್ತ ಒಂದು ಹೊಲ ಇರುವ ರೈತನ ಒಂದು ಪಹಣಿ ಕರ್ನಾಟಕದ ‘ಭೂಮಿ’ಯಲ್ಲಿ ಕನ್ನಡದಲ್ಲಿರುತ್ತದೆ, ಇನ್ನೊಂದು ತೆಲುಗಿನಲ್ಲಿ ಬೇರೆ ಜಾಲನಾಮದಲ್ಲಿರುತ್ತದೆ. ಎರಡೂ 1954–55ರ ಒಂದೇ ಪಹಣಿಯ ಸಂತಾನ.

ಕನ್ನಡದ ತಾಣಗಳೂ ಇಂಥ ವಲಸೆಗಳನ್ನು ಕಂಡಿವೆ. ‘ದಟ್ಸ್‌ಕನ್ನಡ’ ಒನ್‌ಇಂಡಿಯಾದ ಹೆಸರಿನ ಕೆಳಗೆ ಸೇರಿತು. ‘ಕಣಜ ಡಾಟ್ ಇನ್’ ಆಗಿದ್ದ ಜ್ಞಾನಕೋಶ ಈಗ ಕರ್ನಾಟಕ ಸರ್ಕಾರದ ಜಾಲನಾಮದ ಒಂದು ಕವಲು. ಇದಕ್ಕೆ ವಿರುದ್ಧವಾಗಿ, 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದರೂ ಅಲ್ಲಿನ ವಿಶ್ವವಿದ್ಯಾಲಯದ ಜಾಲನಾಮ ಇಂದಿಗೂ ‘ಜಿಯುಜಿ’ ಎಂಬ ಮೂರಕ್ಷರವೇ. ಹಳೆಯ ಪ್ರಬಂಧಗಳಲ್ಲಿ ಅಚ್ಚಾದ ವಿಳಾಸಗಳು ಕೆಡದಂತೆ ನೋಡಿಕೊಳ್ಳುವುದು ಹೆಸರಿನ ಹೊಸತನಕ್ಕಿಂತ ಮುಖ್ಯವೆಂದು ನಾನು ಬಲ್ಲೆನಾದ್ದರಿಂದ ನನಗೆ ಅದು ಒಪ್ಪಿಗೆ.

ಗಡಿನಾಡಿನ ನಮಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದು ಲಿಪಿಯದು. ಡಿಎನ್‌ಎಸ್ ಹುಟ್ಟಿದಾಗ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಗಳಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. 2003ರಲ್ಲಿ ಬೇರೆ ಲಿಪಿಗಳ ಹೆಸರನ್ನು ರೋಮನ್ ಗುಟ್ಟುಬರಹವಾಗಿ ಮಾರ್ಪಡಿಸುವ ಪ್ಯೂನಿಕೋಡ್ ಎಂಬ ವಿಧಾನ ಬಂತು. ಭಾರತದ ಮೊದಲ ಏಳು ದೇಶೀಯ ಹೆಸರುಗಳು 2011ರಲ್ಲಿ ಮೂಲ ಸರ್ವರುಗಳನ್ನು ಸೇರಿದವು. ತೆಲುಗು ಅವುಗಳಲ್ಲಿತ್ತು, ಕನ್ನಡ ಇರಲಿಲ್ಲ. ನಮ್ಮ ‘ಭಾರತ’ ಆ ಪಂಕ್ತಿಯ ಮುಂದಿನ ಸಾಲಿನಲ್ಲಿ ಬಂತು. ತೆಲುಗಿನದು ‘ತ್’ ಎಂಬ ಅರ್ಧಾಕ್ಷರದಲ್ಲಿ ಮುಗಿಯುತ್ತದೆ, ಕನ್ನಡದ್ದು ಪೂರ್ಣಾಕ್ಷರದಲ್ಲಿ. ಕನ್ನಡದಲ್ಲಿ ‘ಭಾರತ’ ಎಂದು ಬೆರಳಚ್ಚಿಸಿದಾಗ ಯಂತ್ರಗಳ ನಡುವೆ ಓಡಾಡುವುದು ‘ಎಕ್ಸ್ ಎನ್, ಅಡ್ಡಗೆರೆ, ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ’ ಎಂಬ ಮಂತ್ರ. ಬಳಕೆ ಇನ್ನೂ ಬಹಳ ಕಡಿಮೆ. ಅನೇಕ ಅರ್ಜಿನಮೂನೆಗಳು ಕನ್ನಡದ ಅಂಚೆ ವಿಳಾಸವನ್ನು ತಪ್ಪೆಂದು ತಳ್ಳಿಹಾಕುತ್ತವೆ.

ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಯೂನಿಕೋಡ್‌ನಲ್ಲಿಯೂ ತಲಾ 128 ಸ್ಥಾನಗಳ ಅಕ್ಕಪಕ್ಕದ ಮನೆಗಳು. ‘ಅ’, ‘ಜ’, ‘ಬ’, ‘ರ’, ‘ಲ’ ಎರಡರಲ್ಲಿಯೂ ಒಂದೇ ಬಗೆ ಕಾಣುತ್ತವೆ. ತಾಂಡೂರಿನ ಅಂಗಡಿಯ ಫಲಕವನ್ನು ಎರಡೂ ಭಾಷೆಯವರು ತಡವರಿಸುತ್ತಲಾದರೂ ಓದಿಕೊಳ್ಳುವುದು ಇದರಿಂದಲೇ. ಮನುಷ್ಯರಿಗೆ ವರವಾದ ಈ ಹೋಲಿಕೆ ಜಾಲನಾಮದಲ್ಲಿ ಅಪಾಯ: ಒಂದು ಲಿಪಿಯ ಹೆಸರನ್ನು ಇನ್ನೊಂದರಲ್ಲಿ ಬರೆದು ಜನರನ್ನು ಮೋಸಗೊಳಿಸಬಹುದು. ಹಾಗಾಗಿ ಮೂಲ ಸರ್ವರುಗಳಿಗೆಂದು 2019ರಲ್ಲಿ ಸಿದ್ಧವಾದ ನಿಯಮಾವಳಿಯಲ್ಲಿ ಹೋಲುವ ಕನ್ನಡ, ತೆಲುಗು ಅಕ್ಷರಗಳನ್ನು ಜೋಡಿ ಜೋಡಿಯಾಗಿ ಗುರುತಿಸಲಾಗಿದೆ. ಅಂಥ ಅಕ್ಷರಗಳಿಂದಲೇ ಆದ ಒಂದು ಹೆಸರು ಒಂದು ಲಿಪಿಯಲ್ಲಿ ನೋಂದಣಿಯಾದರೆ ಇನ್ನೊಂದರಲ್ಲಿ ಅದರ ಅವಳಿ ಬೇರೆಯವರಿಗೆ ಸಿಗದು. 1956ರಲ್ಲಿ ಇಷ್ಟು ತಾಳ್ಮೆಯಿಂದ ಗೆರೆ ಎಳೆದಿದ್ದರೆ ಎಂದು ಒಮ್ಮೊಮ್ಮೆ ಅನಿಸುವುದುಂಟು.

ಇಷ್ಟನ್ನೆಲ್ಲ ಬರೆದದ್ದಕ್ಕೆ ಕಾರಣವಿದೆ. 1951ರ ಜನಗಣತಿ ನಮ್ಮ ಮೂರು ತಾಲ್ಲೂಕುಗಳನ್ನು ಬೀದರ್ ಮತ್ತು ಗುಲಬರ್ಗಾ ಜಿಲ್ಲೆಗಳ ಕೆಳಗೆ ಎಣಿಸಿತು. 1961ರದು ಮೇದಕ್ ಮತ್ತು ಹೈದರಾಬಾದ್ ಜಿಲ್ಲೆಗಳ ಕೆಳಗೆ. ಇಲ್ಲಿ ಕನ್ನಡ ಮಾತನಾಡುವವರು ಎಷ್ಟಿದ್ದರು, ಕನ್ನಡ ಶಾಲೆಗಳು ಎಲ್ಲಿದ್ದವು ಎಂದು ಹುಡುಕುವವರು ಮೇದಕ್‌ನ ಹಳೆಯ ಸಂಪುಟ ತೆರೆದರೆ ನಾರಾಯಣಖೇಡ ಸಿಗುವುದಿಲ್ಲ. ಬೀದರಿನ ಹೊಸ ಸಂಪುಟದಲ್ಲಿಯೂ ಸಿಗುವುದಿಲ್ಲ. ಒಂದು ದಫ್ತರದಿಂದ ಇನ್ನೊಂದಕ್ಕೆ ಕೈತೋರುವ ನಮೂದನ್ನು ಯಾರೂ ಬರೆದಿಡಲಿಲ್ಲ. 1950ರಲ್ಲಿ ಹುಟ್ಟಿದ ಹಿರಿಯರೊಬ್ಬರ ಶಾಲಾ ಪ್ರಮಾಣಪತ್ರದಲ್ಲಿ ಬೀದರ್ ಜಿಲ್ಲೆ, ಪಡಿತರ ಚೀಟಿಯಲ್ಲಿ ಮೇದಕ್, ಆಧಾರದಲ್ಲಿ ಸಂಗಾರೆಡ್ಡಿ ಎಂದಿದ್ದರೆ, ಮೂರೂ ಒಂದೇ ಊರೆಂದು ಗುಮಾಸ್ತನಿಗೆ ಒಪ್ಪಿಸುವ ಹೊಣೆ ಆ ಹಿರಿಯರದೇ ಆಗುತ್ತದೆ. ಭಾಷಾ ಅಲ್ಪಸಂಖ್ಯಾತರೆಂದು ಹೇಳಿಕೊಳ್ಳಬೇಕಾದಾಗ ಅದೇ ಹೊಣೆ ನಮ್ಮೆಲ್ಲರದೂ ಹೌದು.

ಆ ನಮೂದನ್ನು ಬರೆಯುವ ಕೆಲಸವನ್ನು ನಾನು ಮನೆಯಲ್ಲಿ ಆರಂಭಿಸಿದ್ದೇನೆ. ಮೂರು ತಾಲ್ಲೂಕು ಮತ್ತು ನ್ಯಾಲ್ಕಲ್ ಸರ್ಕಲಿನ ಪ್ರತಿ ಊರಿಗೂ ಒಂದು ಸಾಲು: ಉರ್ದು, ಕನ್ನಡ, ತೆಲುಗುಗಳಲ್ಲಿ ಊರಿನ ಹೆಸರು, 1956ಕ್ಕೆ ಹಿಂದಿನ ಜಿಲ್ಲೆ, ಆಮೇಲಿನವು, ಕನ್ನಡ ಶಾಲೆಯಿದ್ದರೆ ಅದರ ವಿವರ. ಓದುಗರ ಮನೆಗಳಲ್ಲಿ 1956ಕ್ಕೆ ಮೊದಲಿನ ಶಾಲಾ ಪ್ರಮಾಣಪತ್ರ, ಪಹಣಿ, ಪಾವತಿ, ಅಂಚೆಯ ಲಕೋಟೆ ಏನಿದ್ದರೂ ಅದರ ಛಾಯಾಚಿತ್ರವನ್ನು ಸಂಘದ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಮೂಲಪ್ರತಿ ನಿಮ್ಮ ಬಳಿಯೇ ಇರಲಿ.